ಏಳು ದಿನದ ಕಾರ್ಡು

ನನ್ನ ಗಂಡನಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಬೇಕು ಎಂಬ ಮಾತು ನಮ್ಮ ಮನೆಯಲ್ಲಿ ಒಂದೂವರೆ ವರ್ಷದಿಂದ ನಡೆಯುತ್ತಿತ್ತು. ನಡೆಯುತ್ತಿತ್ತು ಎಂದರೆ ಇವರು ಹೇಳುತ್ತಿದ್ದರು, ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇವರು ಆಡುವ ಒಂದು ಆಟದಲ್ಲಿ ಮಳೆ ಬಂದು ನಿಂತ ಬೀದಿಯೊಂದಿದೆ. ಹೊಸ ಕಾರ್ಡಿದ್ದರೆ ಆ ಬೀದಿಯ ಗುಂಡಿಗಳ ನೀರಿನಲ್ಲಿ ಅಂಗಡಿಯ ದೀಪಗಳು ನಿಜವಾಗಿ ಪ್ರತಿಫಲಿಸುತ್ತವಂತೆ. ಅದಕ್ಕೆ ರೇ ಟ್ರೇಸಿಂಗ್ ಎನ್ನುತ್ತಾರೆ, ಬೆಳಕಿನ ಒಂದೊಂದು ಗೆರೆಯೂ ಎಲ್ಲಿಗೆ ಬಡಿದು ಎತ್ತ ತಿರುಗಿತು ಎಂದು ಕಾರ್ಡು ಆ ಕ್ಷಣದಲ್ಲೇ ಲೆಕ್ಕ ಹಾಕುತ್ತದೆ ಎಂದು ಊಟದ ಹೊತ್ತಿನಲ್ಲಿ ನನಗೆ ಪಾಠ ಆಗಿತ್ತು. ಗುಂಡಿಯ ನೀರಿನಲ್ಲಿ ದೀಪ ನೋಡಬೇಕಾದರೆ ನಮ್ಮ ಬೀದಿಯ ಕೊನೆಗೆ ಹೋಗಿ ನಿಲ್ಲಿ, ಪುಕ್ಕಟೆ ಕಾಣುತ್ತದೆ ಎಂದು ನಾನೂ ತಿರುಗಿ ಪಾಠ ಹೇಳಿದ್ದೆ.

ಆಟ ಇವರ ಚಟ, ಉದ್ಯೋಗವಲ್ಲ. ಉದ್ಯೋಗವೇನೆಂದರೆ ಅಡುಗೆಮನೆಯ ಕಪಾಟು, ಬಟ್ಟೆಯ ಬೀರು ಮಾಡುವ ಕಂಪನಿಯೊಂದಕ್ಕೆ ಕಂಪ್ಯೂಟರಿನಲ್ಲಿ ಮನೆ ಕಟ್ಟಿಕೊಡುವುದು. ಗಿರಾಕಿ ಬಂದು ಕೂತರೆ, ಇನ್ನೂ ಗಾರೆ ಒಣಗದ ಅವನ ಮನೆಯೊಳಗೆ ಅವನನ್ನೇ ಪರದೆಯ ಮೇಲೆ ಓಡಾಡಿಸಿ ಕರೆದುಕೊಂಡು ಬರುತ್ತಾರೆ. ಅಂಗೈಯಲ್ಲಿ ಅರಮನೆ ತೋರಿಸುವುದು ಎನ್ನುತ್ತಾರಲ್ಲ, ಇವರು ಅದನ್ನು ಸಂಬಳಕ್ಕೆ ತೋರಿಸುತ್ತಾರೆ. ನಾನು ಟೈಲರ್. ಎರಡು ಬೀದಿ ಆಚೆ ನನ್ನ ಅಂಗಡಿ, ಎರಡು ಮೆಷಿನ್, ಒಂದು ಇಸ್ತ್ರಿ ಮೇಜು, ಒಂದು ಆಳೆತ್ತರದ ಕನ್ನಡಿ. ನನ್ನ ಕೆಲಸದಲ್ಲಿ ಸುಳ್ಳು ಸೇರಿಸಿದರೆ ಕಂಕುಳಲ್ಲಿ ಬಿಗಿಯುತ್ತದೆ. ಹಾಗಾಗಿ ಇವರ ಅರಮನೆಗಳ ಮೇಲೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ.

ಕಾರ್ಡಿನ ಮಾತಿಗೆ ಜೀವ ಬಂದದ್ದು ನಮ್ಮ ಅತ್ತೆಯಿಂದ. ಅತ್ತೆ ಎರಡು ವರ್ಷದಿಂದ ಅತ್ತಿಗೆಯ ಮನೆಯಲ್ಲಿದ್ದರು. ಅತ್ತಿಗೆ ಎಂದರೆ ಇವರ ಅಕ್ಕ, ಆಸ್ಪತ್ರೆಯಲ್ಲಿ ನರ್ಸು, ಪಾಳಿಯ ಕೆಲಸ. ಅತ್ತೆಗೆ ಮರೆವಿನ ಕಾಯಿಲೆ. ನಮ್ಮೆಲ್ಲರ ಹೆಸರು ಮರೆತಿದ್ದರೂ ಮುಖಗಳನ್ನು ಮರೆತಿರಲಿಲ್ಲ, ಮಗ ಬಂದರೆ ಮುಖ ಅರಳುತ್ತಿತ್ತು. ಅವರು ಮರೆತದ್ದು ತಮ್ಮ ಮುಖವನ್ನೇ. ಕನ್ನಡಿಯಲ್ಲಿ ಕಾಣುವ ಬಾಗಿದ ಮುದುಕಿ ಯಾರೋ ಬೇರೆಯವಳು, ಕರೆಯದೆ ಮನೆಯೊಳಗೆ ಬಂದವಳು ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅವಳಿಗೆ ಹೆಸರಿರಲಿಲ್ಲ, ಬರೀ 'ಅವಳು'. ಅವಳು ಬಂದಿದ್ದಾಳೆ, ಅವಳು ನೋಡುತ್ತಿದ್ದಾಳೆ ಎಂದು ಹೇಳಿ ಅತ್ತೆ ಗೋಡೆಯ ಮೂಲೆಗೆ ಸರಿದು ನಡುಗುತ್ತಿದ್ದರು.

ಅತ್ತಿಗೆ ಕನ್ನಡಿಗಳಿಗೆಲ್ಲ ಬೆಡ್‌ಶೀಟು ಹೊದಿಸಿದ್ದರು. ಆದರೆ ಆ ಮನೆಯ ಒಂದಿಡೀ ಗೋಡೆಯೇ ಗಾಜು. ಸಂಜೆ ಹೊರಗೆ ಕತ್ತಲಾಗಿ ಒಳಗೆ ದೀಪ ಹಾಕಿದೊಡನೆ ಗಾಜಿನ ತುಂಬ ಅವಳೇ. ಒಂದು ದಿನ ಅವಳಿಂದ ತಪ್ಪಿಸಿಕೊಳ್ಳಲು ಹಿಂದಕ್ಕೆ ಸರಿದ ಅತ್ತೆ ಬಿದ್ದು ಮಣಿಕಟ್ಟು ಊದಿಸಿಕೊಂಡರು. ನೆಲದ ಟೈಲ್ಸ್ ಹೊಳೆಯುತ್ತಿದ್ದುದರಿಂದ ನೀರು ನಿಂತಿದೆ ಎಂದು ಕಾಲಿಡಲೂ ಹೆದರುತ್ತಿದ್ದರು. ಅತ್ತಿಗೆಯ ಕಣ್ಣು ಗುಳಿಬಿದ್ದವು. ಕೊನೆಗೆ ಅವರು ಒಂದು ವೃದ್ಧಾಶ್ರಮದಲ್ಲಿ ಹೆಸರು ಬರೆಸಿದರು. ಮುಂದಿನ ತಿಂಗಳು ಅಲ್ಲೊಂದು ರೂಮು ಖಾಲಿಯಾಗುತ್ತದೆ, ಬೇಕೋ ಬೇಡವೋ ಬೇಗ ತಿಳಿಸಬೇಕು. ಊರಿಗೆಲ್ಲ ಶುಶ್ರೂಷೆ ಮಾಡುವವಳು ಹೆತ್ತವಳನ್ನು ನೋಡಿಕೊಳ್ಳಲಾರದೆ ಹೋದೆ ಎಂದು ಅವರು ನಮ್ಮ ಮನೆಗೆ ಬಂದು ಅತ್ತಾಗ ನನಗೆ ಯಾವ ಸಮಾಧಾನದ ಮಾತೂ ಹೊಳೆಯಲಿಲ್ಲ.

ಇವರಿಗೆ ಹೊಳೆಯಿತು. ನಾವು ಬಾಡಿಗೆ ಮನೆ ಬಿಟ್ಟು ಹೊಸ ಫ್ಲಾಟಿಗೆ ಹೋಗುವವರಿದ್ದೆವು. ಅಲ್ಲಿ ಇನ್ನೂ ಟೈಲ್ಸ್ ಹಾಕಿರಲಿಲ್ಲ, ಕಪಾಟು ಕೂರಿಸಿರಲಿಲ್ಲ, ಬಚ್ಚಲಿಗೆ ಬಾಗಿಲೂ ಇರಲಿಲ್ಲ. ಎಲ್ಲವೂ ನಮ್ಮ ಕೈಯಲ್ಲೇ ಇತ್ತು.

"ಅವಳು ಇಲ್ಲದ ಮನೆ ಮಾಡ್ತೀನಿ ಅಕ್ಕ," ಎಂದರು. "ಅಮ್ಮ ನಮ್ಮ ಹತ್ರ ಇರ್ಲಿ. ಹತ್ತು ದಿನ ಟೈಮ್ ಕೊಡು."

ಅತ್ತಿಗೆ ಹೋದ ಮೇಲೆ ಇವರು ನನ್ನ ಕಡೆ ತಿರುಗಿ, ಆದರೆ ಅದಕ್ಕೆ ಹೊಸ ಕಾರ್ಡು ಬೇಕಾಗುತ್ತದೆ ಎಂದರು. ಅಯ್ಯೋ ದೇವರೇ, ಈ ಮನುಷ್ಯ ಹೆತ್ತ ತಾಯಿಯ ಸಂಕಟದಲ್ಲೂ ಕಾರ್ಡು ಹುಡುಕಿದನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಹಾಗೆಂದೇ ಹೇಳಿಯೂಬಿಟ್ಟೆ. ಇವರು ಸಿಟ್ಟಾಗಲಿಲ್ಲ. ಆಸೆ ಇರುವುದು ಹೌದು, ಸುಳ್ಳು ಹೇಳುವುದಿಲ್ಲ, ಆದರೆ ಇದು ಬೇರೆ ಎಂದು ಹೇಳಿ ತಮ್ಮ ವೃತ್ತಿಯ ಒಂದು ಗುಟ್ಟನ್ನು ತೋರಿಸಿದರು.

ಪರದೆಯ ಮೇಲೆ ಒಂದು ಕೋಣೆ, ಗೋಡೆಯಲ್ಲಿ ಕನ್ನಡಿ, ಕನ್ನಡಿಯಲ್ಲಿ ಕೋಣೆಯ ಪ್ರತಿಬಿಂಬ. ಇವರು ಮೌಸು ಹಿಡಿದು ಗೋಡೆಯನ್ನು ತೂರಿಕೊಂಡು ಕನ್ನಡಿಯ ಹಿಂದೆ ಹೋದರು. ಅಲ್ಲಿ ಇನ್ನೊಂದು ಕೋಣೆಯಿತ್ತು. ಅದೇ ಮಂಚ, ಅದೇ ದೀಪ, ಅದೇ ಕುರ್ಚಿ, ಎಲ್ಲ ಎಡಬಲ ತಿರುಗಿದ್ದು. ಹಳೆಯ ಕಾರ್ಡಿಗೆ ಪ್ರತಿಬಿಂಬ ಲೆಕ್ಕ ಹಾಕುವ ಶಕ್ತಿಯಿಲ್ಲ, ಅದಕ್ಕೇ ಕನ್ನಡಿಯ ಜಾಗದಲ್ಲಿ ತೂತು ಕೊರೆದು ಆಚೆ ಒಂದು ನಕಲಿ ಕೋಣೆ ಕಟ್ಟುವುದಂತೆ. ಹತ್ತು ವರ್ಷದಿಂದ ಪ್ರತಿ ಕನ್ನಡಿಗೂ ಒಂದೊಂದು ಕೋಣೆ ಎರಡೆರಡು ಸಲ ಕಟ್ಟಿದ್ದಾರೆ. ನಾನು ಬೆರಗಾದೆ. ಅಂದರೆ ನೀವು ಇಟ್ಟದ್ದಷ್ಟೇ ಕಾಣುತ್ತದೆ ಎಂದೆ. ಅದೇ ಕಷ್ಟ ಎಂದರು. ನನಗೆ ಗೊತ್ತಿರುವ ಕಡೆ ಪ್ರತಿಬಿಂಬ ಕಟ್ಟಬಲ್ಲೆ, ಅಮ್ಮನನ್ನು ಹೆದರಿಸುವುದು ನನಗೆ ಗೊತ್ತಿಲ್ಲದ ಕಡೆ ಇರುವುದು ಎಂದರು. ಹಳೆಯ ಕಾರ್ಡಿನಲ್ಲೂ ನಿಜವಾದ ಬೆಳಕಿನ ಚಿತ್ರ ತೆಗೆಯಬಹುದು, ಒಂದೊಂದಕ್ಕೆ ಮುಕ್ಕಾಲು ಗಂಟೆ ಕಾಯಬೇಕು. ಆದರೆ ಅಮ್ಮ ನಿಂತಲ್ಲೇ ನಿಲ್ಲುವವರಲ್ಲವಲ್ಲ, ನಡೆಯುತ್ತಾ ನಡೆಯುತ್ತಾ ನೋಡಬೇಕು.

ಮಾತು ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ನಾನು ಒಂದು ಷರತ್ತು ಹಾಕಿದೆ. ನನ್ನ ತಲೆಗೆ ಎಂದೂ ಹೊಳೆಯದ ಒಂದು ಪ್ರತಿಬಿಂಬವನ್ನು ಆ ಕಾರ್ಡು ನನಗೆ ತೋರಿಸಬೇಕು, ಇಲ್ಲವಾದರೆ ವಾಪಸ್. ಅಂಗಡಿಯವನು ಏಳು ದಿನದೊಳಗೆ ತಂದರೆ ಹಿಂದಕ್ಕೆ ತೆಗೆದುಕೊಳ್ಳುವೆನೆಂದ, ಆದರೆ ಡಬ್ಬ ಹರಿಯಬಾರದು. ಇವರು ಮಂಗಳವಾರ ಅದನ್ನು ತಂದು, ಹೊಲಿಗೆ ಬಿಚ್ಚುವಾಗ ನಾನು ತೋರಿಸುವಷ್ಟು ತಾಳ್ಮೆಯಿಂದ ಡಬ್ಬ ಬಿಚ್ಚಿದರು. ನಾನು ಆ ಖಾಲಿ ಡಬ್ಬವನ್ನು ಎದ್ದರೆ ಕೂತರೆ ಕಾಣುವ ಹಾಗೆ ಬೀರುವಿನ ಮೇಲೆ ಇಟ್ಟೆ.

ಅಲ್ಲಿಂದ ನಾಲ್ಕು ದಿನ ಇವರು ಆಫೀಸಿನಿಂದ ಬಂದವರೇ ಹೊಸ ಫ್ಲಾಟಿನೊಳಗೆ ನುಗ್ಗುತ್ತಿದ್ದರು, ಪರದೆಯ ಮೇಲೆ. ಸೂರ್ಯನನ್ನು ಬೆಳಿಗ್ಗೆಯಿಂದ ಸಂಜೆಗೆ ತಿರುಗಿಸುವುದು, ದೀಪ ಹಚ್ಚುವುದು, ಆರಿಸುವುದು. ಹೊಳೆಯುವ ಟೈಲ್ಸ್ ತೆಗೆದು ಮಂಕು ಟೈಲ್ಸ್ ಹಾಕಿದರು. ಷೋಕೇಸಿನ ಗಾಜು ತೆಗೆದರು. ಬಾಲ್ಕನಿಯ ಬಾಗಿಲಿಗೆ ಅರ್ಧದವರೆಗೆ ಮಸುಕು ಹಾಳೆ ಅಂಟಿಸಿದರು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಚೆನ್ನಾಗಿತ್ತು, ಒಪ್ಪಬೇಕು. ಕಿಟಕಿಯ ಬೆಳಕು ನೆಲಕ್ಕೆ ಬಿದ್ದು ಗೋಡೆಯ ಬುಡವನ್ನು ತಿಳಿಹಳದಿ ಮಾಡುತ್ತಿತ್ತು, ಬಚ್ಚಲಿನ ಕನ್ನಡಿಯಲ್ಲಿ ನಲ್ಲಿ, ಟವೆಲು, ಎದುರಿನ ಕೊಕ್ಕೆ ಎಲ್ಲ ಸ್ಪಷ್ಟ ಕಾಣುತ್ತಿದ್ದವು. ಆದರೆ ನನಗೆ ಹೊಳೆಯದಂಥದ್ದೇನೂ ಇರಲಿಲ್ಲ. ಡಬ್ಬ ಅಲ್ಲೇ ಇದೆ ನೋಡಿ ಎಂದು ದಿನಕ್ಕೊಮ್ಮೆ ನೆನಪಿಸುತ್ತಿದ್ದೆ.

ಭಾನುವಾರ ಮಧ್ಯಾಹ್ನ ಅತ್ತಿಗೆ ಅತ್ತೆಯನ್ನು ಕರೆತಂದರು. ಅವರನ್ನು ಇವರ ಕುರ್ಚಿಯಲ್ಲಿ ಕೂರಿಸಿ, ಮೂವರೂ ಹಿಂದೆ ನಿಂತು, ಇವರು ಮೆಲ್ಲಗೆ ಮನೆ ತೋರಿಸಿದರು. ಬಾಗಿಲು, ಹಾಲ್, ಅಡುಗೆಮನೆ. ಅತ್ತೆ ಮಡಿಲಲ್ಲಿ ಕೈಯಿಟ್ಟು ನೋಡುತ್ತಿದ್ದರು. ಹಾಲಿನಲ್ಲಿ ಸಂಜೆ ಮಾಡಿ ದೀಪ ಹಚ್ಚಿದಾಗ ನಾವು ಮೂವರೂ ಉಸಿರು ಬಿಗಿಹಿಡಿದೆವು. ಏನೂ ಆಗಲಿಲ್ಲ. ಮಲಗುವ ಕೋಣೆ, ಬಚ್ಚಲು, ಕನ್ನಡಿ. ಕನ್ನಡಿಯ ಎದುರು ಅಷ್ಟು ಹೊತ್ತು ನಿಂತೆವು. ಅತ್ತೆ ಮುಂದಕ್ಕೆ ಬಾಗಿ ಅದರೊಳಗೆ ಹುಡುಕಿದರು, ಆಮೇಲೆ ಕುರ್ಚಿಗೆ ಒರಗಿದರು.

"ಅವಳಿಲ್ಲ ಇಲ್ಲಿ," ಎಂದರು. "ಈ ಮನೇಲಿ ಅವಳಿಲ್ಲ."

ಅತ್ತಿಗೆ ಸೆರಗಿನಂತೆ ಹೊದ್ದಿದ್ದ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಇವರು ತಾಯಿಯ ತಲೆ ಸವರುತ್ತಾ ನನ್ನ ಕಡೆ ನೋಡಿ ನಕ್ಕರು. ನನಗೂ ಎದೆಯ ಮೇಲಿನ ಭಾರ ಇಳಿದಂತಾಯಿತು, ಷರತ್ತನ್ನೂ ಡಬ್ಬವನ್ನೂ ಮರೆತೆ. ಅತ್ತಿಗೆ ಹೋಗುವಾಗ ಬಾಗಿಲಲ್ಲೇ ನಿಂತು ವೃದ್ಧಾಶ್ರಮಕ್ಕೆ ಫೋನು ಮಾಡಿ, ರೂಮು ಬೇಡ, ಬೇರೆಯವರಿಗೆ ಕೊಡಿ ಎಂದು ಹೇಳಿಬಿಟ್ಟರು. ಅವರು ಮೆಟ್ಟಿಲಿಳಿಯುವ ರೀತಿಯೇ ಅವತ್ತು ಬೇರೆಯಾಗಿತ್ತು.

ಸೋಮವಾರ ಬೆಳಿಗ್ಗೆ ಅಂಗಡಿಗೆ ಶಾಲೆಯ ಟೀಚರ್ ಒಬ್ಬರು ಅಂಗಿಯ ಅಳತೆ ನೋಡಲು ಬಂದರು. ಅವರನ್ನು ಕನ್ನಡಿಯ ಮುಂದೆ ನಿಲ್ಲಿಸಿ, ನಾನು ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡು, ಮಂಡಿಯೂರಿ ಕೆಳಗಿನ ಅಂಚು ಮಡಿಸುತ್ತಿದ್ದೆ. ಎರಡೂ ಕಡೆ ಸಮ ಇದೆಯೇ ಎಂದು ತಲೆಯೆತ್ತಿ ಕನ್ನಡಿ ನೋಡಿದೆ. ಕನ್ನಡಿಯಲ್ಲಿ ಟೀಚರ್ ನಿಂತಿದ್ದರು, ಅವರ ಕಾಲ ಬಳಿ ನಾನು ಕೂತಿದ್ದೆ. ನೋಡುವವರು ಕನ್ನಡಿಯಲ್ಲಿ ಇದ್ದೇ ಇರುತ್ತಾರೆ. ಇಪ್ಪತ್ತು ವರ್ಷದಿಂದ ದಿನಕ್ಕೆ ಐವತ್ತು ಸಲ ನೋಡಿದ ನೋಟ ಅದು, ಆದರೆ ಅವತ್ತು ಹಿಡಿದ ಅಂಚನ್ನು ಬಿಟ್ಟುಬಿಟ್ಟೆ. ನಿನ್ನೆ ಬಚ್ಚಲಿನ ಕನ್ನಡಿಯ ಎದುರು ಅಷ್ಟು ಹೊತ್ತು ನಿಂತಿದ್ದೆವಲ್ಲ, ಅದರಲ್ಲಿ ನಲ್ಲಿಯಿತ್ತು, ಟವೆಲಿತ್ತು, ಕೊಕ್ಕೆಯಿತ್ತು. ನಿಂತವರು ಎಲ್ಲಿ?

ಪಿನ್ನು ಉಗಿದು ಇವರಿಗೆ ಫೋನು ಮಾಡಿದೆ.  ತಮ್ಮ ಕೆಲಸದಲ್ಲಿ ನೋಡುವವನಿಗೆ ಮೈ ಇರುವುದಿಲ್ಲ ಎಂದರು ಇವರು. ಬರೀ ಕಣ್ಣು ಹೋಗುತ್ತದೆ, ಮೈ ಹೋಗುವುದಿಲ್ಲ. ಕಣ್ಣಿಗೆ ಪ್ರತಿಬಿಂಬವಿಲ್ಲ. ಹತ್ತು ವರ್ಷದಲ್ಲಿ ಯಾವ ಗಿರಾಕಿಯೂ ನಾನೆಲ್ಲಿ ಎಂದು ಕೇಳಿಲ್ಲ, ಎಲ್ಲರಿಗೂ ಖಾಲಿ ಮನೆಯೇ ಇಷ್ಟ.  ಕಾರ್ಡು ಮನೆಯ ಎಲ್ಲ ಬೆಳಕನ್ನೂ ಲೆಕ್ಕ ಹಾಕಿತ್ತು, ಅತ್ತೆಯೊಬ್ಬರನ್ನು ಬಿಟ್ಟು. ಹೆದರಿಕೆಗೆ ಕಾರಣವಾದ ಒಬ್ಬಳೇ ಒಬ್ಬಳು ಆ ಮನೆಯಲ್ಲಿ ಇಲ್ಲದ್ದನ್ನು ನಾವು ನಾಲ್ಕು ಜನ ಕಣ್ಣಾರೆ ನೋಡಿ ಸಂತೋಷಪಟ್ಟಿದ್ದೆವು. ಅಷ್ಟರಲ್ಲಿ ಅತ್ತ ರೂಮೂ ಹೋಗಿತ್ತು.

ನಾನು ಅಂಗಡಿಗೆ ಬೀಗ ಹಾಕಿ ಮನೆಗೆ ಹೋದಾಗ ಇವರೂ ಬಂದಿದ್ದರು. ಡಬ್ಬ ಕೆಳಗಿಳಿದಿತ್ತು. ಕಂಪ್ಯೂಟರಿನ ಪಕ್ಕದ ಹಲಗೆ ಬಿಚ್ಚಿಟ್ಟು, ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು. ಅವತ್ತಿಗೆ ಏಳನೆಯ ದಿನ.

"ವಾಪಸ್ ಕೊಟ್ಬಿಡ್ತೀನಿ," ಎಂದರು. "ನನ್ನ ಆಸೆಗೆ ಅಮ್ಮನ್ನ ನೆಪ ಮಾಡ್ಕೊಂಡೆ. ನೀನು ಹೇಳಿದ್ದೇ ನಿಜ."

ಒಂದೂವರೆ ವರ್ಷ ಇದೇ ಮಾತಿಗೆ ಕಾದವಳು ನಾನು. ಈಗ ಕೇಳಿದರೆ ಒಂದಿಷ್ಟೂ ರುಚಿಸಲಿಲ್ಲ. 

"ಕಾರ್ಡು ಸುಳ್ಳು ಹೇಳಿಲ್ಲ ರೀ," ಎಂದೆ. "ಕನ್ನಡಿ ಮುಂದೆ ನೀವು ಯಾರನ್ನೂ ನಿಲ್ಲಿಸಿರ್ಲಿಲ್ಲ. ಈಗ ಅತ್ತೆನ ನಿಲ್ಸಿ. ಅಳತೆ ನಾನು ತರ್ತೀನಿ."

ಸಂಜೆ ಅತ್ತಿಗೆಯ ಮನೆಗೆ ಹೋದೆವು. ಗಾಜಿನ ಗೋಡೆಗೆ ಬೆಡ್‌ಶೀಟುಗಳನ್ನು ಕ್ಲಿಪ್ಪು ಹಾಕಿ ನೇತುಹಾಕಿದ್ದರು. ಆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ನಾನು ದಾರಿಯುದ್ದಕ್ಕೂ ಇವರ ಬೆನ್ನು ಹತ್ತಿದ್ದೆ, ಇವರು ಹೇಳಿದರು.  ಬೆಳಿಗ್ಗೆಯೇ ಆ ರೂಮಿಗೆ ಬೇರೆಯವರು ಒಪ್ಪಿಕೊಂಡರಂತೆ. ಬೈದಿದ್ದರೆ ಹಗುರಾಗುತ್ತಿತ್ತು, ಅತ್ತಿಗೆ ಬೈಯಲಿಲ್ಲ. ಇನ್ನು ಏನು ಮಾಡಿದರೂ ಸರಿಯಾಗಿ ಮಾಡಿ, ನನಗೆ ಇನ್ನೊಂದು ಸಲ ಹೀಗೆ ಸಂತೋಷ ಕೊಟ್ಟು ಕಿತ್ತುಕೊಳ್ಳಬೇಡಿ ಎಂದಷ್ಟೇ ಹೇಳಿದರು. ಇವರು ತಲೆ ತಗ್ಗಿಸಿ ನಿಂತರು.

ನಾನು ಟೇಪು ತೆಗೆದುಕೊಂಡು ಅತ್ತೆಯ ಹತ್ತಿರ ಹೋದೆ. ಹದಿನೈದು ವರ್ಷದಿಂದ ಅವರ ಬಟ್ಟೆ ಹೊಲಿದವಳು ನಾನೇ. ಕೊರಳಲ್ಲಿ ನೇತಾಡುವ ಟೇಪು ಕಂಡೊಡನೆ ಅತ್ತೆ ಯಾರೂ ಹೇಳದೆ ಎದ್ದು ನಿಂತು, ಎರಡೂ ಕೈಗಳನ್ನು ಮೈಯಿಂದ ಸ್ವಲ್ಪ ದೂರ ಹಿಡಿದರು. ಹೆಸರುಗಳೆಲ್ಲ ಹೋದರೂ ಇದೊಂದು ಉಳಿದಿತ್ತು. ನನಗೆ ಕಣ್ಣು ಮಂಜಾಗಿ ಅಂಕಿ ಓದಲು ಎರಡೆರಡು ಸಲ ನೋಡಬೇಕಾಯಿತು. ಹಳೆಯ ಅಳತೆ ಪುಸ್ತಕಕ್ಕೆ ಹೋಲಿಸಿದರೆ ಎತ್ತರ ಎರಡು ಇಂಚು ಕಡಿಮೆ. ಎಡ ಭುಜ ಬಲಕ್ಕಿಂತ ಅರ್ಧ ಇಂಚು ಇಳಿದಿದೆ. ಬೆನ್ನು ಕುತ್ತಿಗೆಯ ಬುಡದಲ್ಲೇ ಬಾಗಿದೆ.

"ಬಿಗಿ ಬೇಡಮ್ಮ, ಸಡಿಲ ಇರ್ಲಿ," ಎಂದರು ಅತ್ತೆ.

ಆಗಲಿ ಅತ್ತೆ ಎಂದೆ. ಅವರಿಗೆ ಸುಳ್ಳಾಡಬಾರದೆಂದು ಮರುದಿನವೇ ನೀಲಿ ಬಟ್ಟೆಯಲ್ಲಿ ಒಂದು ಸಡಿಲ ಅಂಗಿಯನ್ನೂ ಕತ್ತರಿಸಿದೆ.

ಇವರು ಮೊದಲು ಮಾಡಿದ ಬೊಂಬೆ ಜವಳಿ ಅಂಗಡಿಯ ಬಾಗಿಲಲ್ಲಿ ನಿಲ್ಲುವವಳ ಹಾಗೆ ಸೆಟೆದು ನಿಂತಿತ್ತು. ಅತ್ತೆ ಯಾವಾಗ ಹೀಗೆ ನಿಂತಿದ್ದರು ಎಂದು ಗದರಿ, ಪಕ್ಕದಲ್ಲೇ ಕೂತು ಒಂದೊಂದು ಇಂಚೂ ತಿದ್ದಿಸಿದೆ. ಕುತ್ತಿಗೆ ಮುಂದೆ, ಭುಜ ಕೆಳಗೆ, ಹೆಜ್ಜೆ ಚಿಕ್ಕದು. ನೀಲಿ ಅಂಗಿ ಹಾಕಿಸಿದೆವು. ಮುಖ ಮಾಡಲು ಇವರ ಕೈ ಏಳಲಿಲ್ಲ, ಬರೀ ನರೆತ ಕೂದಲು ಸಾಕೆಂದೆ. ಆಮೇಲೆ ನೋಡುವ ಕಣ್ಣನ್ನು ಆ ಬೊಂಬೆಯ ಕಣ್ಣಿನ ಎತ್ತರಕ್ಕೆ ಕಟ್ಟಿ, ಮತ್ತೆ ಹೊಸ ಫ್ಲಾಟಿನ ಬಾಗಿಲು ತೆಗೆದೆವು.

ಅವಳು ಎಲ್ಲೆಲ್ಲೂ ಇದ್ದಳು. ಓವನ್ನಿನ ಕಪ್ಪು ಬಾಗಿಲಲ್ಲಿ ಇದ್ದಳು. ಅರ್ಧ ಮಸುಕು ಮಾಡಿದ ಬಾಲ್ಕನಿಯ ಗಾಜಿನ ಮೇಲರ್ಧದಲ್ಲಿ ಬರೀ ತಲೆಯಾಗಿ ತೇಲುತ್ತಿದ್ದಳು, ಅದು ಇಡೀ ಮೈಗಿಂತ ಭಯಂಕರವಾಗಿತ್ತು. ಗೋಡೆಗೆ ತೂಗುಹಾಕಿದ ಫೋಟೋದ ಗಾಜಿನಲ್ಲಿ, ಟೀವಿಯಲ್ಲಿ, ಅಡುಗೆಮನೆಯ ಕಿಟಕಿಯಲ್ಲಿ. ಒಂದೊಂದು ಕಡೆ ಕಂಡಾಗಲೂ ನಾನು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಇವೆಲ್ಲ ಕೂತು ಯೋಚಿಸಿದ್ದರೆ ನನಗೂ ಹೊಳೆಯುತ್ತಿದ್ದಂಥವೇ.

ಮಲಗುವ ಕೋಣೆಯಲ್ಲಿ ಇವರು ಬೊಂಬೆಯನ್ನು ಮಂಚದ ಅಂಚಿನಲ್ಲಿ ಕೂರಿಸಿದರು. ಎದುರಿಗೆ, ಸ್ವಲ್ಪ ಪಕ್ಕಕ್ಕೆ, ಬೀರುವಿನ ಹೊಳಪು ಬಾಗಿಲು. ಅದರಲ್ಲಿ ಎದುರಿನ ನೋಟವಿರಲಿಲ್ಲ, ಓರೆಯಾಗಿ ಬಚ್ಚಲಿನ ಬಾಗಿಲು ಕಾಣುತ್ತಿತ್ತು. ಆ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಕನ್ನಡಿ. ಬೀರುವಿನೊಳಗಿನ ಆ ಕನ್ನಡಿಯೊಳಗೆ, ನಮಗೆ ಬೆನ್ನು ಮಾಡಿ, ನೀಲಿ ಅಂಗಿಯ ಬಾಗಿದ ಮುದುಕಿಯೊಬ್ಬಳು ಮಂಚದ ಮೇಲೆ ಕೂತಿದ್ದಳು.  ಬೊಂಬೆಯೆಂದು ಗೊತ್ತು, ಅಳತೆ ಕೊಟ್ಟವಳೇ ನಾನು, ಆದರೂ ಯಾರದು ಎಂದು ಕೇಳುವಂತಾಯಿತು. ಅತ್ತೆ ಎರಡು ವರ್ಷದಿಂದ ಏನನ್ನು ನೋಡುತ್ತಿದ್ದರು ಎಂಬುದು ನನಗೆ ತಿಳಿದದ್ದು ಆಗಲೇ. ಅಲ್ಲಿಯವರೆಗೆ ನಾನು ಅದನ್ನು ಕಾಯಿಲೆ ಎಂದುಕೊಂಡಿದ್ದೆ, ಹೆದರಿಕೆ ಎಂದುಕೊಂಡಿರಲಿಲ್ಲ.

ನಾನು ಎದ್ದು ಹೋಗಿ, ಗಡುವು ಮುಗಿದರೂ ಕೆಳಗೇ ಉಳಿದಿದ್ದ ಡಬ್ಬ ತೆಗೆದು, ಚಪ್ಪಟೆಯಾಗಿ ಮಡಿಚಿ ಹಳೆಯ ಪೇಪರಿನ ಜೊತೆ ಇಟ್ಟೆ. ಇವರು ನೋಡಿದರು, ಏನೂ ಹೇಳಲಿಲ್ಲ. ಇನ್ನೊಬ್ಬರಾಗಿದ್ದರೆ ನಾನು ಹೇಳಿರಲಿಲ್ಲವೇ ಎನ್ನುತ್ತಿದ್ದರು. ಹಾಗೆ ಎನ್ನದಿರುವುದು ಇವರ ದೊಡ್ಡ ಗುಣ, ನಾನದನ್ನು ಇವರ ಮುಖಕ್ಕೆ ಹೇಳಿಲ್ಲ ಅಷ್ಟೇ.

ಆ ಮುಂದಿನದು ಬಡಗಿಯ ಕೆಲಸ. ಬೀರುವಿಗೆ ಹೊಳಪಿಲ್ಲದ ಬಾಗಿಲು ಬಂತು. ಬಚ್ಚಲಿನ ಬಾಗಿಲಿನ ಕೀಲುಗಳನ್ನು ಎಡದಿಂದ ಬಲಕ್ಕೆ ಹಾಕಿಸಿದೆವು. ಕನ್ನಡಿ ಗೋಡೆಯಿಂದಿಳಿದು ಕಪಾಟಿನ ಬಾಗಿಲ ಒಳಮುಖಕ್ಕೆ ಹೋಯಿತು, ಬೇಕಾದವರು ತೆರೆದು ನೋಡಿಕೊಂಡು ಮುಚ್ಚಬೇಕು. ಓವನ್ನಿಗೆ, ಟೀವಿಗೆ ನಾನು ಅಂಗಿ ಹೊಲಿದೆ, ಫೋಟೋದ ಗಾಜು ತೆಗೆಸಿದೆ. ಕಿಟಕಿಗಳಿಗೂ ಬಾಲ್ಕನಿಯ ಗಾಜಿಗೂ ದಪ್ಪ ಪರದೆ, ದೀಪ ಹಚ್ಚುವ ಮೊದಲು ಪರದೆ ಎಳೆಯಬೇಕೆಂದು ನನ್ನ ಕಟ್ಟಪ್ಪಣೆ. ಒಂದೊಂದು ಬದಲಾವಣೆಯನ್ನೂ ಮೊದಲು ಕಂಪ್ಯೂಟರಿನ ಪರದೆಯ ಮೇಲೆ ಮಾಡಿ, ಬೊಂಬೆಯನ್ನು ಮನೆಯೆಲ್ಲ ನಡೆಸಿ, ಅವಳು ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ಬಡಗಿಗೆ ಹೇಳುತ್ತಿದ್ದೆವು. ಬಡಗಿ ನಮ್ಮನ್ನು ತಲೆ ಸರಿಯಿಲ್ಲದವರೆಂದುಕೊಂಡ. ನಾನೂ ಅಲ್ಲವೆನ್ನಲಿಲ್ಲ.

ಅತ್ತೆ ಬಂದರು. ಮೊದಲ ಸಂಜೆ ನಾವಿಬ್ಬರೂ ಅವರ ಹಿಂದೆ ಮುಂದೆ ಸುತ್ತಿದ್ದೇ ಸುತ್ತಿದ್ದು. ಅವರು ಹಾಲಿನಲ್ಲಿ ನಡೆದರು, ನೆಲದಲ್ಲಿ ನೀರು ಕಾಣಲಿಲ್ಲ. ಮಂಚದ ಅಂಚಿನಲ್ಲಿ ಕೂತರು, ಬೀರುವನ್ನು ನೋಡಿದರು, ಮಲಗಿದರು. ಒಂದು ವಾರ ಕಳೆಯಿತು, ಎರಡಾಯಿತು. 'ಅವಳು' ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಭಾನುವಾರ ಅತ್ತಿಗೆ ಬಂದು, ಅಮ್ಮನ ಕೈ ಹಿಡಿದು ಸ್ವಲ್ಪ ಹೊತ್ತು ಕೂತು, ಹಾಗೇ ನಮ್ಮ ಸೋಫಾದ ಮೇಲೆ ನಿದ್ದೆಹೋದರು. ಐದು ಗಂಟೆ ಗೊರಕೆ ಹೊಡೆದರು. ಅತ್ತೆ ಅವರಿಗೆ ಶಾಲು ಹೊದಿಸಿ, ಸದ್ದು ಮಾಡಬೇಡಿ ಎಂದು ನಮಗೇ ಸನ್ನೆ ಮಾಡಿದರು.

ಮೂರನೆಯ ವಾರದ ಒಂದು ಸಂಜೆ ನಾನು ಅಂಗಡಿಯಿಂದ ಬಂದಾಗ ಕಿಟಕಿಯ ಪರದೆ ಎಳೆದಿತ್ತು, ದೀಪ ಉರಿಯುತ್ತಿತ್ತು. ಹಗಲು ಅತ್ತೆಯ ಜೊತೆಗಿರುವ ಹೆಂಗಸು ಇವರು ಬಂದೊಡನೆ ಹೊರಟಿದ್ದಳು, ಎಲ್ಲ ನೇಮದಂತೆ ಇತ್ತು. ಅತ್ತೆ ಮಾತ್ರ ತಮ್ಮ ಜಾಗದಲ್ಲಿರಲಿಲ್ಲ. ಹಾಲಿನ ಮೂಲೆಯಲ್ಲಿ ಇವರ ಮೇಜಿನ ಮುಂದೆ, ಇವರ ಕುರ್ಚಿಯಲ್ಲಿ ಕೂತಿದ್ದರು. ಆಗ ತಾನೇ ಆಫೀಸಿನಿಂದ ಬಂದ ಇವರು ಅವರ ಹಿಂದೆ, ಹೆಗಲ ಚೀಲವನ್ನೂ ಇಳಿಸದೆ, ಕಲ್ಲಾಗಿ ನಿಂತಿದ್ದರು. ಅತ್ತೆಯ ಎದುರಿಗೆ ಇವರ ಕಂಪ್ಯೂಟರಿನ ಪರದೆ, ಆರಿಸಿದ್ದು, ಕಪ್ಪಗೆ, ದೊಡ್ಡದಾಗಿ.

 ಇಡೀ ಮನೆಯ ಗಾಜನ್ನೆಲ್ಲ ಆ ಪರದೆಯಲ್ಲೇ ಹುಡುಕಿದ ಮಹಾರಾಯರು ಆ ಪರದೆಯೂ ಒಂದು ಗಾಜು ಎಂಬುದನ್ನು ಮರೆತಿದ್ದರು. ನಾನೂ ಮರೆತಿದ್ದೆ. ಉರಿಯುತ್ತಿರುವಾಗ ಅದರೊಳಗೆ ನೋಡುತ್ತೇವೆ, ಅದನ್ನೇ ಯಾರು ನೋಡುತ್ತಾರೆ. ಅದರಲ್ಲಿ ನೀಲಿ ಅಂಗಿಯ ಮುದುಕಿ ಕೂತಿದ್ದಳು, ಅತ್ತೆ ಅವಳನ್ನೇ ದಿಟ್ಟಿಸುತ್ತಿದ್ದರು. ಮುಚ್ಚಲು ಒಂದು ಬಟ್ಟೆಗಾಗಿ ನಾನು ಸುತ್ತ ಹುಡುಕಿದೆ.

"ಅವಳು ಬಂದಿದ್ದಾಳೆ," ಎಂದರು ಅತ್ತೆ.

ಇವರು ಬಗ್ಗಿ ತಾಯಿಯ ಭುಜ ಹಿಡಿದರು.  ಕಪ್ಪು ಗಾಜಿನಲ್ಲಿಯೂ ಒಬ್ಬ ಮಗ ಬಗ್ಗಿ ಆ ಮುದುಕಿಯ ಭುಜ ಹಿಡಿದ. ಅತ್ತೆ ಮುಂದಕ್ಕೆ ಬಾಗಿ ಅದನ್ನು ನೋಡಿದರು. ಅವರ ಬೆನ್ನು ಮೆಲ್ಲಗೆ ಸಡಿಲಾಗುವುದು ನನಗೆ ಹಿಂದಿನಿಂದ ಕಾಣುತ್ತಿತ್ತು, ಆ ಬೆನ್ನಿನ ಅಳತೆ ನನಗೆ ಚೆನ್ನಾಗಿ ಗೊತ್ತಲ್ಲ.

"ಮಗ ಇದ್ದಾನೆ ಜೊತೇಲಿ," ಎಂದರು. "ಇಷ್ಟು ದಿನ ಒಬ್ಬಳೇ ಓಡಾಡ್ತಿದ್ಲು ಪಾಪ. ಅದಕ್ಕೇ ನಂಗೆ ಭಯ ಆಗ್ತಿತ್ತು."

ಇವರು ಅಲ್ಲೇ ನೆಲಕ್ಕೆ ಕುಸಿದು ಕೂತು, ತಾಯಿಯ ಮಂಡಿಗೆ ಹಣೆಯಿಟ್ಟು ಅತ್ತರು. ಅತ್ತೆ ಗಾಜಿನಿಂದ ಕಣ್ಣು ಕೀಳದೆ, ಕೈಯೊಂದನ್ನು ಮಾತ್ರ ಕೆಳಗಿಳಿಸಿ ಇವರ ಕೂದಲಲ್ಲಿ ಆಡಿಸಿದರು. ನಾನು ಅಳಲಿಲ್ಲ. ಅತ್ತಿದ್ದರೂ ಅದು ಸ್ವಲ್ಪವೇ. ಅಂಗಡಿಯ ಚೀಲವನ್ನು ಅಲ್ಲೇ ಕೆಳಗಿಟ್ಟು, ಟೇಪು ಕೊರಳಲ್ಲಿರುವ ಹಾಗೆಯೇ ಹೋಗಿ ಅತ್ತೆಯ ಕುರ್ಚಿಯ ಪಕ್ಕಕ್ಕೆ ನಿಂತೆ, ಗಾಜಿನಲ್ಲಿ ಚೆನ್ನಾಗಿ ಕಾಣುವ ಹಾಗೆ.